ಹುಳುಮನೆಗೆ ಬಂದ ಪೈಲ್ವಾನ್

ಹೋಸಿಯಾತ್ ಒಪಾ, ಅಂದರೆ ನಮ್ಮೆಲ್ಲರ ಹೋಸಿಯಾತ್ ಅಕ್ಕ, ಮದುವೆಯಾಗಿ ಬಂದಾಗ ಅವಳನ್ನು ನೋಡಲು ಯಾರೂ ಬರಲಿಲ್ಲ. ಈ ಮಾತನ್ನು ಅವಳು ನಲವತ್ತೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ. ಮಾರ್ಗಿಲಾನಿನ ನಮ್ಮ ಮೊಹಲ್ಲದಲ್ಲಿ ಇದನ್ನು ಕೇಳದ ಕಿವಿ ಯಾವುದಾದರೂ ಇದ್ದರೆ ಅದು ಮೊನ್ನೆ ಮೊನ್ನೆ ಹುಟ್ಟಿದ್ದಿರಬೇಕು.

ಅವಳು ಬಂದದ್ದು ಮೇ ತಿಂಗಳಲ್ಲಿ. ರೇಷ್ಮೆ ಹುಳುಗಳು ಮೊದಲ ಜ್ವರ ಎದ್ದು, ಅಂದರೆ ಮೊದಲ ಪೊರೆ ಕಳಚಿ, ಹಗಲು ರಾತ್ರಿ ಎನ್ನದೆ ಹಿಪ್ಪುನೇರಳೆ ಸೊಪ್ಪು ಮೇಯುವ ಹೊತ್ತು. ಮನೆಯಲ್ಲಿ ಹುಳು ಇದ್ದಷ್ಟು ದಿನ ನಮ್ಮ ಬೀದಿಯವರು ಹೊಸ್ತಿಲಿಗೆ ಅಡ್ಡವಾಗಿ ಒಂದು ಹಿಪ್ಪುನೇರಳೆ ಕೊಂಬೆ ಇಡುತ್ತಾರೆ. ಕೊಂಬೆ ಕಂಡ ಮೇಲೆ ಮುಲ್ಲಾ ಇರಲಿ, ಕರೆಂಟ್ ಬಿಲ್ಲಿನವನಿರಲಿ, ಹೊರಗೇ ನಿಂತು ಮೆಲ್ಲಗೆ ಕೂಗಬೇಕು. ಹುಳುವಿಗೆ ಗದ್ದಲ ಆಗದು, ಅತ್ತರು ಆಗದು, ಈರುಳ್ಳಿ ಕರಿದ ವಾಸನೆ ಆಗದು, ಹೊರಗಿನವರ ಕಣ್ಣಂತೂ ಮೊದಲೇ ಆಗದು. ಆದ್ದರಿಂದ, ಮುಸುಕು ಹೊದ್ದು ಬಂದವರಿಗೆಲ್ಲ ಮೂರು ಮೂರು ಸಲ ಬಾಗಿ ಸಲಾಮು ಮಾಡಿ, ಅಂದ ಚಂದ ಹೊಗಳಿಸಿಕೊಳ್ಳಬೇಕಾದ ನಲವತ್ತು ದಿನದ ಚಿಲ್ಲಾದಲ್ಲಿ, ಹೊಸ ಸೊಸೆ ಹೋಸಿಯಾತ್ ತನ್ನ ಅತ್ತೆ ಅನಾರ್‌ಬೀವಿಯ ಜೊತೆ ಹುಳುಮನೆಯಲ್ಲಿ ಸೊಪ್ಪು ಹೆಚ್ಚುತ್ತ ಕೂತಳು. ಆಗ ಹೊಲಿಸಿದ ಸಲಾಮಿನ ಮುಸುಕು ಇನ್ನೂ ಪೆಟ್ಟಿಗೆಯಲ್ಲಿ ಮಡಿಸಿದ ಹಾಗೇ ಇದೆ.

"ನಾನೂ ಹೆಣ್ಣೇ ಅಲ್ವೇನ್ರೇ? ನನ್ನ ಮದ್ವೆ ಮುಖ ನೋಡಿದ್ದು ಇಪ್ಪತ್ತು ಸಾವಿರ ಹುಳ. ಅವಕ್ಕೋ ಸರಿಯಾಗಿ ಕಣ್ಣೂ ಕಾಣಲ್ಲ!" ಅನ್ನುವುದು ಅವಳ ಗೋಳು. ಮದುವೆಮನೆ, ಸಾವಿನಮನೆ, ಆಸ್ಪತ್ರೆಯ ಸಾಲು, ಎಲ್ಲಿ ನಾಲ್ಕು ಹೆಂಗಸರು ಸೇರಿದರೂ ಅಲ್ಲಿ ಈ ಗೋಳು.

ಹುಳು ಸಾಕುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರು ನಮ್ಮಲ್ಲಿ ಇಲ್ಲ. ಅರವತ್ತಕ್ಕೆ ಬಂದು ಕಣ್ಣು ಮಂಜಾದ ಮೇಲೂ ಹುಳುಮನೆಯ ಬಾಗಿಲಿಗೆ ಕಿವಿ ಇಟ್ಟಳೆಂದರೆ ಸಾಕು, ಒಳಗಿನ ಹುಳು ಮೇಯುತ್ತಿವೆಯೋ, ಮುನಿಸಿಕೊಂಡಿವೆಯೋ, ಜ್ವರಕ್ಕೆ ಕೂತಿವೆಯೋ ಹೇಳಿಬಿಡುತ್ತಾಳೆ. ಪ್ರತಿ ಮೇ ತಿಂಗಳು ಗಂಡ ಮಾಮಾಸೋಲಿಯನ್ನು ಚಹಾದಂಗಡಿಗೆ ಓಡಿಸಿ, ಇಡೀ ಸಂಸಾರವನ್ನು ಅಡುಗೆಮನೆಯಲ್ಲಿ ಮಲಗಿಸಿ, ಹುಳುಮನೆ ಸಾಲದೆ ದೊಡ್ಡ ಕೋಣೆಯನ್ನೂ ಹುಳುವಿಗೆ ಬಿಟ್ಟುಕೊಟ್ಟವಳು ಅವಳು. ಚಹಾದಂಗಡಿಯಲ್ಲಿ ದೊಮಿನೊ ಆಡುತ್ತ ಕೂರುವ ಅಭ್ಯಾಸ ಮಾಮಾಸೋಲಿಗೆ ಹಾಗೆ ಹತ್ತಿದ್ದು. ಜೂನ್ ಬಂದರೂ ಆತ ಮನೆಗೆ ಮರಳುವುದನ್ನು ಮರೆಯುತ್ತಿದ್ದ.

ಇಂಥವಳಿಗೆ ಸೊಸೆ ಬರುವ ಕಾಲ ಬಂತು. ಒಬ್ಬನೇ ಮಗ ಓದಿಲ್‌ಜಾನ್, ಲಿಫ್ಟ್ ರಿಪೇರಿಯವನು. ಹುಡುಗಿ ಫರ್ಗಾನಾ ಪಟ್ಟಣದ ಸರ್ವಿನೋಜ್, ಬಹುಮಹಡಿ ಕಟ್ಟಡದಲ್ಲಿ ತಾಯಿಯೊಬ್ಬಳ ಜೊತೆ ಬೆಳೆದವಳು. ಲಿಫ್ಟು ಕೆಟ್ಟಿತ್ತು, ಅದೇ ಸಂಬಂಧ ಆಯಿತು. ಹೋಸಿಯಾತ್ ಒಪಾ ಮದುವೆಯನ್ನು ಬೇಕೆಂದೇ ಅಕ್ಟೋಬರ್ ಕೊನೆಗೆ ಇಟ್ಟಳು. ಆಗ ಹುಳು ಇಲ್ಲ, ಕೊಂಬೆ ಇಲ್ಲ, ಅಡ್ಡಿ ಹೇಳುವವರು ಯಾರೂ ಇಲ್ಲ.

"ನನ್ನ ಸೊಸೇನ ಇಡೀ ಮಾರ್ಗಿಲಾನ್ ನೋಡ್ಬೇಕು. ನಲವತ್ತು ದಿನಾನೂ ಬಾಗಿಲು ತೆಗೆದೇ ಇರತ್ತೆ. ಬರ್ದೇ ಇದ್ರೆ ಸುಮ್ನಿರಲ್ಲ ನಾನು!" ಎಂದು ಬೀದಿಯ ಆ ತುದಿಯಿಂದ ಈ ತುದಿಯವರೆಗೂ ಹೇಳಿ ಬಂದಳು.

ಸೊಸೆಯ ಜೊತೆ ಬಂದ ಸಾಮಾನನ್ನು ಹೆಂಗಸರೆಲ್ಲ ಸುತ್ತ ಕೂತು ಒಂದೊಂದೇ ಎತ್ತಿ ನೋಡುವುದು ವಾಡಿಕೆ. ಇಪ್ಪತ್ತನಾಲ್ಕು ರಜಾಯಿ, ಸರಿ. ನೆಲದಿಂದ ಸೂರಿನವರೆಗೆ ಕನ್ನಡಿ ಕೂರಿಸಿದ ಬೀರು, ಭೇಷ್. ರೇಷ್ಮೆ ಬಟ್ಟೆ ಎರಡು ಪೆಟ್ಟಿಗೆ. ಆಮೇಲೆ ಒಂದು ದೊಡ್ಡ ಗಾಜಿನ ಪೆಟ್ಟಿಗೆ, ಅದರಲ್ಲಿ ಮೊಳದುದ್ದದ ಒಂದು ಓತಿಕ್ಯಾತ. ಆಮೇಲೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಜಿರಳೆ.

ಪಕ್ಕದ ಮನೆಯ ತಾಜಿಹಾನ್ ಡಬ್ಬಿಯ ಮುಚ್ಚಳ ತೆರೆದವಳು ಹಾಗೇ ಮುಚ್ಚಿದಳು. ನಮ್ಮ ಬೀದಿಯ ಸುದ್ದಿಯೆಲ್ಲ ಹೊರಡುವುದು ಅವಳ ಬಾಯಿಂದ. ಅವಳೇ ಮಾತು ಸಿಗದೆ ಕೂತದ್ದನ್ನು ಅವತ್ತೇ ಮೊದಲು ನೋಡಿದ್ದು.

"ಹೋಸಿಯಾತ್," ಅಂದಳು ಕೊನೆಗೆ, "ನಿನ್ ಬೀಗಿತ್ತಿ ಜಿರಳೆ ಕಳಿಸಿದಾಳೆ ಕಣೇ."

"ಅದರ ಊಟ ಅದು," ಅಂದಳು ಹೋಸಿಯಾತ್ ಒಪಾ, ಸೊಸೆ ಹೇಳಿಕೊಟ್ಟದ್ದು ತನಗೆ ಮೊದಲೇ ಗೊತ್ತಿದ್ದವಳ ಹಾಗೆ. "ಪಟ್ಟಣದವರು. ಊಟದ ಸಮೇತ ಕಳಿಸ್ತಾರೆ."

ಓತಿಕ್ಯಾತದ ಹೆಸರು ಪೈಲ್ವಾನ್. ಕೊರಳ ಸುತ್ತ ಮುಳ್ಳಿನ ಗಡ್ಡ, ಚಪ್ಪಟೆ ಹೊಟ್ಟೆ, ಯಾವುದಕ್ಕೂ ಅವಸರವಿಲ್ಲದ ಮುಖ. ಸರ್ವಿನೋಜ್ ಹನ್ನೆರಡು ವರ್ಷದವಳಿದ್ದಾಗ ಅಪ್ಪ ತಂದುಕೊಟ್ಟಿದ್ದು. ಮರುವರ್ಷ ಅಪ್ಪ ತೀರಿಕೊಂಡ, ಪೈಲ್ವಾನ್ ಉಳಿಯಿತು. ಮಗಳನ್ನು ಒಪ್ಪಿಸುವಾಗ ಬೀಗಿತ್ತಿ ಹೋಸಿಯಾತ್ ಒಪಾಳ ಎರಡೂ ಕೈ ಹಿಡಿದು, "ಎರಡು ಜೀವ ನಿಮ್ಮ ಕೈಗೆ ಹಾಕ್ತಿದೀನಿ ಒಪಾ" ಎಂದು ಅತ್ತಿದ್ದಳು. "ಎರಡೂ ನನ್ನ ತಲೆ ಮೇಲಿರಲಿ" ಎಂದು ಇವಳು ಮಾತು ಕೊಟ್ಟಿದ್ದಳು. ತಲೆಯ ಮೇಲೆ ಓತಿಕ್ಯಾತ ಇಟ್ಟುಕೊಳ್ಳುವುದು ಹೇಗೆಂದು ಆಗ ಯೋಚಿಸಲಿಲ್ಲ, ಅಷ್ಟೆ.

ಗಾಜಿನ ಪೆಟ್ಟಿಗೆಯನ್ನು ಸೊಸೆಯ ಕೋಣೆಯಲ್ಲೇ ಎಲ್ಲರಿಗೂ ಕಾಣುವ ಹಾಗೆ, ಕನ್ನಡಿ ಬೀರುವಿಗೆ ಎದುರಾಗಿ ಇಡಿಸಿದಳು. ಮನೆಗೆ ಬಂದದ್ದು ಮೂಲೆಯಲ್ಲಿ ಕೂತರೆ ಮರ್ಯಾದೆಯಲ್ಲವಲ್ಲ. ಜನವೂ ಬಂದರು. ಮೊದಲ ದಿನ ಐವತ್ತು, ಎರಡನೇ ದಿನ ಎಂಬತ್ತು. ಸೊಸೆಗೆ ಸಲಾಮು ಮಾಡಿಸಿ, ಮುಸುಕೆತ್ತಿ ಮುಖ ನೋಡಿ, ಆಮೇಲೆ ಆ ಕಡೆ ತಿರುಗಿ ಗಾಜಿನ ಮೇಲೆ ಬೆರಳಲ್ಲಿ ಟಕಟಕ ಬಡಿದು ಪೈಲ್ವಾನನನ್ನೂ ನೋಡಿ ಹೋದರು. ಒಪಾಳ ಮುಖದಲ್ಲಿ ಬೆಳಕು ಹಿಡಿಸಲಾರದಷ್ಟಿತ್ತು. ನಲವತ್ತೊಂದು ವರ್ಷದ ಬಾಕಿ ತೀರುತ್ತಿತ್ತು.

ಪೈಲ್ವಾನ್ ಮೂರನೇ ದಿನ ಊಟ ಬಿಟ್ಟಿತು.

ಮೊದಲು ಯಾರೂ ಗಮನಿಸಲಿಲ್ಲ. ಐದನೇ ದಿನ ಸರ್ವಿನೋಜ್ ಬಾಗಿಲ ಸಂದಿಯಲ್ಲಿ ನಿಂತು, "ಅಯಾ, ಅದರ ಗಡ್ಡ ಕಪ್ಪಾಗಿದೆ" ಅಂದಳು. ನಮ್ಮಲ್ಲಿ ಸೊಸೆಯಂದಿರು ಅತ್ತೆಯನ್ನು ಕರೆಯುವುದೇ ಅಯಾ ಎಂದು, ಅಮ್ಮ ಅಂದ ಹಾಗೆ.

"ಕಪ್ಪಾದ್ರೆ ಚಂದ ತಾನೇ? ವಯಸ್ಸು ಕಮ್ಮಿ ಕಾಣತ್ತೆ."

"ಇಲ್ಲ ಅಯಾ, ಬೇಜಾರಾದ್ರೆ ಕಪ್ಪಾಗೋದು. ಹೊಟ್ಟೆ ಮೇಲೂ ಗೆರೆ ಎದ್ದಿದೆ. ಜಿರಳೆ ಮೂತಿ ಹತ್ರ ಹೋದ್ರೂ ಮುಖ ತಿರುಗಿಸ್ತಿದೆ. ಹಗಲೆಲ್ಲ ಗಾಜು ಕೆರೀತಾ ಇರತ್ತೆ."

ಹೋಸಿಯಾತ್ ಒಪಾ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಊಟ ಬಿಟ್ಟ ಜೀವ ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ವರ್ಷ ಹುಳುವೆಲ್ಲ ಊಟ ಬಿಟ್ಟು ಮೂರೇ ದಿನದಲ್ಲಿ ತಟ್ಟೆ ತಟ್ಟೆ ಗುಡಿಸಿ ಹಾಕಿದ್ದವಳು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಚಿಲ್ಲಾ ಮುಗಿಯುವ ಮೊದಲು ಸೊಸೆಯ ಜೊತೆ ಬಂದ ಜೀವ ಹೋಯಿತೋ, ನಮ್ಮ ಬೀದಿ ಏನನ್ನುತ್ತದೆಂದು ಅವಳಿಗೆ ಗೊತ್ತು. ಓತಿಕ್ಯಾತದ ಹಣೆಬರಹ ಅಂತ ಯಾರೂ ಅನ್ನುವುದಿಲ್ಲ, ಹುಡುಗಿಯ ಕಾಲ್ಗುಣ ಅನ್ನುತ್ತಾರೆ. ಆ ಮಾತು ಒಂದು ಸಲ ಹತ್ತಿತೆಂದರೆ ಆಮೇಲೆ ಮನೆಯಲ್ಲಿ ಹಾಲು ಒಡೆದರೂ ಅದೇ, ಲಿಫ್ಟಿಂದ ಮಗ ಜಾರಿದರೂ ಅದೇ. ಹುಡುಗಿ ಸಾಯುವವರೆಗೂ ಬಿಡುವುದಿಲ್ಲ.

ತಾಜಿಹಾನ್‌ಗೆ ಹೇಳಬಾರದು ಅಂದುಕೊಂಡಳು. ಅಷ್ಟರಲ್ಲಿ ತಾಜಿಹಾನ್ ಹೊಗೆ ಹಾಕುವ ಬಾಣಲೆ ಹಿಡಿದೇ ಬಂದಿದ್ದಳು.

"ದೃಷ್ಟಿ ಕಣೇ, ಇನ್ನೇನು? ಎಂಬತ್ತು ಜನ ನೋಡಿದ್ರೆ ಕಲ್ಲೂ ಸೀಳತ್ತೆ," ಎಂದು ಇಸಿರಿಕ್ ಸೊಪ್ಪಿಗೆ ಕೆಂಡ ಹಾಕಿ ಪೆಟ್ಟಿಗೆಯ ಸುತ್ತ ಮೂರು ಸುತ್ತು ಬಂದಳು. ಕೋಣೆಯೆಲ್ಲ ಘಾಟು. ಮನುಷ್ಯರು ಕೆಮ್ಮಿದರು, ಪೈಲ್ವಾನ್ ಕಣ್ಣು ಮುಚ್ಚಿತು, ಗಡ್ಡ ಇನ್ನಷ್ಟು ಕಪ್ಪಾಯಿತು. "ನೋಡು, ದೃಷ್ಟಿ ಹೊರಗೆ ಬರ್ತಾ ಇದೆ," ಅಂದಳು ತಾಜಿಹಾನ್. ಮಾರನೇ ದಿನ ನೀಲಿ ದೃಷ್ಟಿಮಣಿ ಪೋಣಿಸಿ ಅದರ ಕೊರಳಿಗೆ ಕಟ್ಟಲು ಹೋದಳು. ಕೊರಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗೊತ್ತಾಗದೆ ನಡುವಿಗೆ ಕಟ್ಟಿದಳು. ಅದನ್ನು ನೋಡಲು ಇನ್ನೂ ಮೂವತ್ತು ಜನ ಬಂದರು.

ಒಪಾ ತನ್ನ ಪಾಲಿನದೂ ಮಾಡಿದಳು. ದಾಳಿಂಬೆ ಬಿಡಿಸಿ ಇಟ್ಟಳು, ಕುಂಬಳಕಾಯಿ ತುರಿದು ಇಟ್ಟಳು. ಜಿರಳೆಗಳಿಗೇ ರುಚಿ ಇಲ್ಲವೇನೋ ಎಂದು ಅವಕ್ಕೆ ಸೇಬು ತಿನ್ನಿಸಿ ಕೊಬ್ಬಿಸಿದಳು. ಜಿರಳೆಗಳು ದಷ್ಟಪುಷ್ಟವಾದವು. ಪೈಲ್ವಾನನ ಬಾಲದ ಬುಡ ಮಾತ್ರ ಸೊರಗಿತು. ಫೋನಿನಲ್ಲಿ ಬೀಗಿತ್ತಿ, "ಎರಡೂ ಹೇಗಿವೆ ಒಪಾ?" ಎಂದು ಕೇಳಿದಾಗ, "ಚೆನ್ನಾಗಿವೆ, ಜನ ಬಂದು ಬಂದು ನೋಡ್ತಿದಾರೆ" ಅಂದಳು. ಇದರಲ್ಲಿ ಅರ್ಧ ಸುಳ್ಳೆಂದು ಅವಳಿಗೆ ಗೊತ್ತಿತ್ತು, ಇನ್ನರ್ಧದ ಸುಳ್ಳು ಆಗ ಅವಳಿಗೂ ತಿಳಿದಿರಲಿಲ್ಲ.

ಹನ್ನೊಂದನೇ ದಿನ ದನದ ಡಾಕ್ಟರ್ ಇಲ್ದಾರನನ್ನು ಕರೆಸಿದಳು. ಭುಜದವರೆಗೆ ಬರುವ ರಬ್ಬರ್ ಗವಸು ಹೆಗಲಿಗೆ ಹಾಕಿಕೊಂಡು ಬಂದ ಆತ ಪೆಟ್ಟಿಗೆಯೊಳಗೆ ಇಣುಕಿ, ಗವಸು ಮಡಿಸಿ ಜೇಬಿಗಿಟ್ಟ.

"ಇದರಲ್ಲಿ ನನ್ನ ಕೈ ಹೋಗಲ್ಲ ಒಪಾ. ಒಂದು ಬೆರಳೂ ಹೋಗಲ್ಲ."

"ಕೈ ಹಾಕಿ ಅಂತ ಯಾರಂದ್ರು? ನೋಡಿ ಹೇಳಿ."

ಇಲ್ದಾರ್ ನೋಡಿದ. ದೀಪದ ಕೆಳಗಿನ ಕಲ್ಲಿಗೆ ಥರ್ಮಾಮೀಟರ್ ಹಿಡಿದು ಕಾವು ಸರಿಯಾಗಿದೆ ಅಂದ. ಬಾಯಿ ಬಿಡಿಸಿ ನೋಡಿದ, ಹುಣ್ಣಿಲ್ಲ ಅಂದ. ಹಳೆಯ ಹಿಕ್ಕೆಯನ್ನು ಕಡ್ಡಿಯಲ್ಲಿ ಕೆದಕಿ, ಹೊಟ್ಟೆಹುಳ ಇದ್ದ ಹಾಗಿಲ್ಲ ಅಂದ. ನಡುವಿನ ದೃಷ್ಟಿಮಣಿಯನ್ನು ಬೆರಳಲ್ಲಿ ಎತ್ತಿ ನೋಡಿ ಬಿಟ್ಟ.

"ರೋಗ ಇಲ್ಲ. ಹೆದರಿದೆ."

"ಯಾರಿಗೆ? ಈ ಮನೇಲಿ ಅದಕ್ಕೆ ಯಾರು ಏನ್ ಮಾಡಿದಾರೆ? ರಾಜನ ಹಾಗೆ ಇಟ್ಟಿದೀವಿ!"

"ಅದನ್ನ ನನ್ನ ಕೇಳ್ಬೇಡಿ. ಅದು ಕೂತ ಕಡೆ ಒಂದು ದಿನ ಕೂತ್ಕೊಂಡು ನೋಡಿ, ನಿಮಗೇ ಗೊತ್ತಾಗತ್ತೆ. ಮೈಯಲ್ಲಿ ಇನ್ನೂ ಸ್ವಲ್ಪ ಕೊಬ್ಬಿದೆ, ಹತ್ತು ದಿನ ತಡ್ಕೋಬಹುದು. ಆಮೇಲೆ ನನ್ನ ಕರೆದು ಪ್ರಯೋಜನ ಇಲ್ಲ." ಚಹಾ ಕುಡಿದು, ಸೊಸೆಯ ಸಲಾಮು ತಗೊಂಡು ಆತ ಹೋದ.

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ನಕ್ಕುಬಿಡುತ್ತಿದ್ದರು. ಹುಳು ಸಾಕಿದವಳಿಗೆ ಅದು ನಗುವ ಮಾತಲ್ಲ. ಮಾರನೇ ಬೆಳಗ್ಗೆ ಒಪಾ ಸೊಂಟನೋವು ಎಂದು ಸಾರಿ, ಸೊಸೆಯ ಕೋಣೆಯಲ್ಲಿ ರಜಾಯಿಗಳ ರಾಶಿಗೂ ಗಾಜಿನ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ, ತನ್ನ ಮುಖ ಪೈಲ್ವಾನನ ಮುಖದ ಮಟ್ಟಕ್ಕೆ ಬರುವ ಹಾಗೆ ಕೂತಳು. ಬಂದವರಿಗೆ ಅವಳು ಕಾಣುತ್ತಿರಲಿಲ್ಲ.

ಒಂಬತ್ತು ಗಂಟೆಗೆ ಮೊದಲ ಗುಂಪು ಬಂತು. ಅಲ್ಲಿಂದ ನೋಡಿದರೆ ಮನುಷ್ಯರು ಬೇರೆಯೇ ಕಾಣುತ್ತಾರೆ. ಮೊದಲು ಸೆರಗುಗಳು, ಆಮೇಲೆ ದಿಢೀರನೆ ಗಾಜಿಗೆ ಒತ್ತಿದ ಮೂಗು, ಚಿನ್ನದ ಹಲ್ಲು, ಟಕಟಕ ಬಡಿಯುವ ಬೆರಳು. ಪ್ರತಿ ಬಡಿತಕ್ಕೂ ಪೈಲ್ವಾನ್ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಳ್ಳುತ್ತಿತ್ತು. ಗುಂಪು ಹೋದ ಮೇಲೂ ಅದಕ್ಕೆ ಬಿಡುವಿಲ್ಲ. ಎದುರಿನ ಕನ್ನಡಿಯಲ್ಲಿ ಇನ್ನೊಂದು ಓತಿಕ್ಯಾತ ಗಡ್ಡ ಕಪ್ಪು ಮಾಡಿಕೊಂಡು ಇದನ್ನೇ ದುರುಗುಟ್ಟಿ ನೋಡುತ್ತಿತ್ತು. ಇದು ತಲೆ ಆಡಿಸಿದರೆ ಅದೂ ಆಡಿಸುತ್ತಿತ್ತು. ನೆಂಟರಾದರೂ ಎದ್ದು ಹೋಗುತ್ತಾರೆ, ಅದು ಮಾತ್ರ ಹನ್ನೆರಡು ದಿನದಿಂದ ಹೋಗಿರಲಿಲ್ಲ.

ಅದೇ ಕನ್ನಡಿಯಲ್ಲಿ ಒಪಾಗೆ ಸೊಸೆಯೂ ಕಂಡಳು. ಇಷ್ಟು ದಿನ ಬಾಗಿಲಲ್ಲಿ ನಿಂತು ಬಂದವರ ಮುಖ ನೋಡುತ್ತಿದ್ದವಳು, ಅವತ್ತು ಮೊದಲ ಸಲ ಸೊಸೆಯ ಕಡೆಯಿಂದ ನೋಡಿದಳು. ಹುಡುಗಿ ಬಾಗುತ್ತಿದ್ದಳು, ಏಳುತ್ತಿದ್ದಳು, ಬಾಗುತ್ತಿದ್ದಳು. ಒಬ್ಬಳು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಒಬ್ಬಳು ಕೈಬೆರಳು ಮಡಿಸಿ ಬಿಡಿಸಿ ನೋಡಿದಳು. ಒಬ್ಬಳು, "ಸ್ವಲ್ಪ ಬಡಕಲು ಅಲ್ವಾ?" ಅಂದಳು. ಅರವತ್ತು ಸಲಾಮಿನವರೆಗೆ ಎಣಿಸಿ ಒಪಾ ಎಣಿಸುವುದು ಬಿಟ್ಟಳು. ಮಧ್ಯಾಹ್ನ ಪಲಾವಿನ ತಟ್ಟೆ ಬಂತು, ಅದರ ಹಿಂದೆಯೇ ಇನ್ನೊಂದು ಗುಂಪು ಬಂತು. ಹೊಸ ಸೊಸೆ ಜನರೆದುರು ಬಾಯಿ ಅಲ್ಲಾಡಿಸುವಂತಿಲ್ಲ. ತಟ್ಟೆ ಆರಿತು. ಗುಂಪು ಹೋದ ಕೂಡಲೇ ಹುಡುಗಿ ಪಲಾವನ್ನು ಬೆಕ್ಕಿಗೆ ಹಾಕಿ, ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ, ಖಾಲಿ ತಟ್ಟೆ ಬಾಗಿಲ ಹತ್ತಿರ ಇಟ್ಟಳು. ಆ ಗಂಟನ್ನು ರಜಾಯಿ ರಾಶಿಯ ಹಿಂದೆ ತುರುಕಲು ಬಂದಳು.

ತುರುಕಿದ ಕೈ ಅತ್ತೆಯ ಮಂಡಿಗೆ ತಗುಲಿತು.

ಒಪಾ ಬೆನ್ನ ಹಿಂದೆ ಕೈಯಾಡಿಸಿದಳು. ಒಂದಲ್ಲ, ಎಂಟು ಗಂಟು. ರೊಟ್ಟಿಯನ್ನು ಎಸೆಯುವುದು ಪಾಪ ಎಂದು ಹುಡುಗಿ ಎಲ್ಲವನ್ನೂ ಕಾದಿಟ್ಟಿದ್ದಳು. ಒಪಾ ಒಂದೊಂದನ್ನೇ ಬೆರಳಲ್ಲಿ ಒತ್ತಿ ನೋಡಿದಳು. ಇದು ನಿನ್ನೆಯದು, ಇದು ಮೊನ್ನೆಯದು, ಇದು ಕಲ್ಲಾಗಿದೆ, ಮದುವೆಯ ವಾರದ್ದು. ಸೊಸೆಯ ನಡು ನೋಡಿದಳು. ಮದುವೆಗೆ ಸರಿಯಾಗಿ ಹೊಲಿಸಿದ ಉಡುಪನ್ನು ಹಿಂದಿನಿಂದ ಎರಡು ಪಿನ್ನು ಹಿಡಿದು ನಿಲ್ಲಿಸಿದ್ದವು.

"ಯಾಕೆ ಹೇಳ್ಲಿಲ್ಲ ನನ್ಹತ್ರ?"

"ನೀವು ಅಷ್ಟು ಖುಷಿಯಾಗಿದ್ರಿ, ಅಯಾ."

ಹೋಸಿಯಾತ್ ಒಪಾಗೆ ಆಗ ಆದ ನಾಚಿಕೆಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ನಾಚಿಕೆಯಾದಾಗ ಕೆಲವರು ಸುಮ್ಮನಾಗುತ್ತಾರೆ. ಇವಳು ಎದ್ದು ನಿಂತು, ಹೆಗಲ ಶಾಲು ತೆಗೆದು, ಇದ್ದ ಸಿಟ್ಟನ್ನೆಲ್ಲ ಹಾಕಿ ಆ ಕನ್ನಡಿಯ ಮೇಲೆ ಎಸೆದು ಹೊದಿಸಿದಳು.

ಸರಿಯಾಗಿ ಆ ಗಳಿಗೆಗೇ ತಾಜಿಹಾನ್ ಬಾಗಿಲಲ್ಲಿ ನಿಂತಿದ್ದಳು. ನಮ್ಮಲ್ಲಿ ಕನ್ನಡಿ ಮುಚ್ಚುವುದು ಒಂದೇ ಕಾರಣಕ್ಕೆ.

"ಅಯ್ಯಯ್ಯೋ, ಯಾರು ಹೋದ್ರೇ!" ಎಂದು ಅವಳು ತೆಗೆದ ರಾಗ ಮಸೀದಿಯವರೆಗೂ ಕೇಳಿಸಿತು. ಹೆಂಗಸರು ಚಪ್ಪಲಿ ಇಲ್ಲದೆ ಓಡಿ ಬಂದರು. ಯಾರೋ ಅಳಲು ಶುರು ಮಾಡಿದರು. ಚಹಾದಂಗಡಿಯಿಂದ ಮಾಮಾಸೋಲಿ ಏದುಸಿರು ಬಿಡುತ್ತ ಬಂದ.

"ಯಾರು ತೀರ್ಕೊಂಡ್ರು?" ಎಂದು ಅಂಗಳದಲ್ಲಿ ಕೇಳಿದ.

"ನೀವೇ ಅಂತಿದ್ರು," ಅಂದ ಹಿಂದಿನ ಬೀದಿಯವನು. ಮಾಮಾಸೋಲಿ ಸ್ವಲ್ಪ ಯೋಚಿಸಿ, ಅಲ್ಲ ಅಂದ.

ಒಪಾ ಶಾಲು ಕಿತ್ತು ಹೊದ್ದುಕೊಂಡಳು. ಕುಡುಗೋಲು ತಗೊಂಡು ಅಂಗಳದ ಹಿಪ್ಪುನೇರಳೆ ಮರದ ಹತ್ತಿರ ಹೋದಳು. ನವೆಂಬರಿನ ಬೋಳು ಮರ. ಒಂದು ಕೊಂಬೆ ಕಡಿದಳು. ಅಂಗಳದಲ್ಲಿದ್ದವರನ್ನೆಲ್ಲ, ಅತ್ತವರನ್ನೂ ನಕ್ಕವರನ್ನೂ ಸೇರಿಸಿ, ಕೋಳಿ ಅಟ್ಟಿದ ಹಾಗೆ ಹೊರಗೆ ಅಟ್ಟಿ, ಕೊಂಬೆಯನ್ನು ಹೊಸ್ತಿಲಿಗೆ ಅಡ್ಡ ಹಾಕಿದಳು.

ತಾಜಿಹಾನ್ ಕೊಂಬೆಯನ್ನು ನೋಡಿದಳು, ಒಪಾಳನ್ನು ನೋಡಿದಳು. ಅಭ್ಯಾಸಬಲ, ದನಿ ತಾನಾಗಿಯೇ ಇಳಿಯಿತು.

"ಈ ಚಳೀಲಿ ಯಾವ ಹುಳನೇ ಹೋಸಿಯಾತ್?"

"ಹೊಸ ತಳಿ."

"ಇನ್ನೂ ಸಲಾಮು ಆಗ್ದೇ ಇರೋರು ಎಷ್ಟೊಂದು ಜನ ಇದಾರಲ್ಲೇ? ನಮ್ಮ ನಾದಿನಿ ನಾಳೆ ಕೊಕಂದಿಂದ ಬರ್ತಿದಾಳೆ! ಏನ್ ಹೇಳ್ಲಿ ಅವಳಿಗೆ?"

"ಹೋಸಿಯಾತ್‌ಗೆ ತಲೆ ಕೆಟ್ಟಿದೆ ಅಂತ ಹೇಳು. ನೀನು ಹೇಳೇ ಹೇಳ್ತೀಯ."

ತಾಜಿಹಾನ್ ಹೇಳಿಯೇ ಹೇಳಿದಳು. ಆದರೆ ಒಂದು ಮಾತು ಒಪ್ಪಬೇಕು. ತಲೆ ಕೆಟ್ಟವಳ ಮನೆ ಎಂದು ಗೊತ್ತಿದ್ದರೂ, ಹುಳು ಇಲ್ಲವೆಂದು ಗೊತ್ತಿದ್ದರೂ, ಆ ಕೊಂಬೆಯನ್ನು ಒಬ್ಬರೂ ದಾಟಲಿಲ್ಲ.

ಅಂಗಳದ ಆಚೆ ಹುಳುಮನೆ ಜೂನ್‌ನಿಂದ ಖಾಲಿ ಬಿದ್ದಿತ್ತು. ದಪ್ಪ ಮಣ್ಣಿನ ಗೋಡೆ, ಮೇಲೆ ಎರಡು ಸಣ್ಣ ಕಿಟಕಿ, ಮೂಲೆಯಲ್ಲಿ ಒಲೆ. ಮಾಮಾಸೋಲಿಯ ಕೈಯಲ್ಲಿ ಪೆಟ್ಟಿಗೆ ಹೊರಿಸಿ ಅಲ್ಲಿ ಇಡಿಸಿದಳು. ಗಾಜಿನ ಮೂರು ಮಗ್ಗುಲಿಗೂ ಕಂಬಳಿ ಕಟ್ಟಿದಳು. ದೃಷ್ಟಿಮಣಿ ಬಿಚ್ಚಿ ಎಸೆದಳು. ಅವಿತುಕೊಳ್ಳಲು ಒಳಗೆ ಒಡೆದ ಹೂಜಿಯ ಅರ್ಧ ಬೋರಲು ಹಾಕಿ, ಬೆಳಗ್ಗೆ ಏಳಕ್ಕೆ ದೀಪ ಹಾಕುವುದು, ಸಂಜೆ ಏಳಕ್ಕೆ ಆರಿಸುವುದು, ನಡುವೆ ಯಾರೂ ಮುಟ್ಟುವುದು ಎತ್ತುವುದು ಇಲ್ಲ ಎಂದು ಕಟ್ಟು ಮಾಡಿದಳು.

"ನೀನೂ ಹಗಲೆಲ್ಲ ಇಲ್ಲೇ ಇರು," ಎಂದಳು ಸೊಸೆಗೆ. "ಮುಸುಕು ತೆಗಿ. ಆ ಪಿನ್ನೂ ಬಿಚ್ಚು."

"ಜನ ಏನಂತಾರೆ ಅಯಾ?"

"ಅದು ನನ್ ಕೆಲ್ಸ. ನಿನ್ ಕೆಲ್ಸ ಇದೇ. ಕೂತ್ಕೋ."

ಒಂದು ಬಟ್ಟಲು ಬಿಸಿ ಮಾಸ್ತಾವಾ, ಅಕ್ಕಿ ಮಾಂಸ ಹಾಕಿ ಕುದಿಸಿದ್ದು, ತಂದು ಹುಡುಗಿಯ ಪಕ್ಕ ಇಟ್ಟಳು. ನಾಲ್ಕು ಜಿರಳೆ ಪೆಟ್ಟಿಗೆಯೊಳಗೆ ಬಿಟ್ಟಳು. ತಿನ್ನುತ್ತಾರೋ ಇಲ್ಲವೋ ಎಂದು ನಿಂತು ನೋಡಬೇಕು ಅನ್ನಿಸಿತು. ಆಗ ಕಿವಿಯಲ್ಲಿ ಅತ್ತೆ ಅನಾರ್‌ಬೀವಿಯ ದನಿ ಗದರಿತು: ಸೊಪ್ಪು ಹಾಕಿ ಬಾರೇ, ನಿಂತು ನೋಡ್ಬೇಡ, ನೋಡ್ತಾ ನಿಂತ್ರೆ ಯಾವುದಕ್ಕೂ ಗಂಟಲಲ್ಲಿ ಇಳಿಯಲ್ಲ.

ಒಪಾ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಬಂದವಳು ಮೆಟ್ಟಿಲ ಮೇಲೆ ಹಾಗೇ ಕೂತಳು.

ಇದೇ ಕೋಣೆ. ಇದೇ ಮಾಸ್ತಾವಾ. ಹತ್ತೊಂಬತ್ತು ವರ್ಷದ ಹೋಸಿಯಾತ್ ಊರು ಬಿಟ್ಟು, ತಾಯಿ ಬಿಟ್ಟು, ಗುರುತಿಲ್ಲದ ಮನೆಗೆ ಬಂದು ತುತ್ತು ಬಾಯಿಗಿಡದೆ ಕೂತಿದ್ದಳು. ಅತ್ತೆ ಬಟ್ಟಲನ್ನು ಪಕ್ಕದಲ್ಲಿಟ್ಟು, ತಿನ್ನು ಎಂದೂ ಅನ್ನದೆ, ಬೆನ್ನು ತಿರುಗಿಸಿಕೊಂಡು ಸೊಪ್ಪು ಹೆಚ್ಚುತ್ತ ಕೂತಿದ್ದಳು. ನಲವತ್ತು ದಿನವೂ ಹಾಗೇ. ಯಾರೂ ಅವಳ ಗದ್ದ ಹಿಡಿದು ತಿರುಗಿಸಲಿಲ್ಲ. ಜೂನ್‌ನಲ್ಲಿ ಹೊರಗೆ ಬಂದಾಗ ಮದುವೆಯ ಉಡುಪಿನ ಗುಂಡಿ ಕೂರಲಿಲ್ಲ, ಅಷ್ಟು ಮೈ ಕೈ ತುಂಬಿಕೊಂಡಿದ್ದಳು. ಗೋಳು ಹೇಳುವಾಗ ಆ ಗುಂಡಿಯ ವಿಷಯ ಮಾತ್ರ ಒಂದು ಸಲವೂ ಹೇಳಿರಲಿಲ್ಲ.

ಸಂಜೆ ಚಹಾ ಬಸಿಯುತ್ತ ಗಂಡನಿಗೆ ಹೇಳಿದಳು, "ನಿಮ್ಮಮ್ಮ ಒಳ್ಳೇವಳು ಕಣ್ರೀ."

ಮಾಮಾಸೋಲಿ ಬಟ್ಟಲು ಕೆಳಗಿಟ್ಟ. "ಈಗ ಹೇಳ್ತೀಯಾ? ಅವಳು ಹೋಗಿ ಹತ್ತೊಂಬತ್ತು ವರ್ಷ ಆಯ್ತು."

"ಗೊತ್ತು," ಅಂದಳು ಒಪಾ. ಕಣ್ಣೊರೆಸಿಕೊಂಡದ್ದನ್ನು ಒಲೆಯ ಹೊಗೆಯ ಮೇಲೆ ಹಾಕಿದಳು, ಮಾಮಾಸೋಲಿ ನಂಬಿದ ಹಾಗೆ ಮಾಡಿದ.

ಮೊದಲ ದಿನ ನಾಲ್ಕು ಜಿರಳೆಯೂ ಹಾಗೇ ಇದ್ದವು. ಎರಡನೇ ದಿನವೂ ಇದ್ದವು. ಅವನ್ನು ಹಿಡಿದು ಹೊರಗೆ ಹಾಕಿ ಬೇರೆ ನಾಲ್ಕು ಬಿಟ್ಟಳು. ಮಾಸ್ತಾವಾ ಬಟ್ಟಲು ಮೊದಲ ದಿನ ತುಂಬಿದ ಹಾಗೇ ಬಂತು, ಎರಡನೇ ದಿನ ಎರಡು ಚಮಚ ಇಳಿದಿತ್ತು. ಬೆಕ್ಕಿಗೆ ಹಾಕಿರಲಿಲ್ಲ, ಬೆಕ್ಕನ್ನು ಒಪಾ ಅಡುಗೆಮನೆಯಲ್ಲಿ ಕೂಡಿ ಹಾಕಿದ್ದಳು. ಮೂರನೇ ದಿನ ಪೈಲ್ವಾನನ ಗಡ್ಡ ಬೂದಿಯ ಬಣ್ಣಕ್ಕೆ ತಿರುಗಿದೆ ಎಂದು ಸರ್ವಿನೋಜ್ ಹೇಳಿದಳು. ಊಟ ಮಾತ್ರ ಇಲ್ಲ. ನಾಲ್ಕನೇ ದಿನ ಬೀಗಿತ್ತಿಯ ಫೋನು ಬಂತು.

"ಎರಡೂ ಹೇಗಿವೆ ಒಪಾ?"

ಹೋಸಿಯಾತ್ ಒಪಾ ಈ ಸಲ ಸುಳ್ಳು ಹೇಳಲಿಲ್ಲ. "ಎರಡೂ ಊಟ ಬಿಟ್ಟಿದ್ವು. ತಪ್ಪು ನಂದು. ನೋಡ್ಕೊಳ್ತೀನಿ ಅಂದೆ, ಊರಿಗೆಲ್ಲ ತೋರಿಸ್ದೆ. ಇನ್ನೊಂದು ವಾರ ಕೊಡಿ ನಂಗೆ." ಆಮೇಲೆ ಬೀಗಿತ್ತಿ, "ಅವಳಿಗೆ ಚಿಕ್ಕಂದಿನಲ್ಲೂ ಯಾರಾದ್ರೂ ನೋಡ್ತಿದ್ರೆ ಅನ್ನ ಇಳೀತಿರಲಿಲ್ಲ" ಅಂದಳು. ಅದನ್ನು ಮದುವೆಗೆ ಮೊದಲೇ ಹೇಳಬಹುದಿತ್ತಲ್ಲ ತಾಯಿ ಎಂದು ಒಪಾಳ ಬಾಯಿಗೆ ಬಂತು, ನುಂಗಿಕೊಂಡಳು.

ಐದನೇ ದಿನವೂ ಹೋಯಿತು. ಇಲ್ದಾರ್ ಹೇಳಿದ ಹತ್ತು ದಿನದಲ್ಲಿ ಉಳಿದದ್ದು ನಾಲ್ಕು. ಹೊರಗೆ ಬೀದಿಯಲ್ಲಿ, ಓತಿಕ್ಯಾತ ಆಗಲೇ ಸತ್ತಿದೆ, ಒಳಗೇ ಹೂತಿದ್ದಾರೆ, ಅದಕ್ಕೇ ಕೊಂಬೆ ಎಂದು ಒಂದು ಸುದ್ದಿ ಎದ್ದಿತ್ತು. ಕಾಲ್ಗುಣ ಅನ್ನುವ ಮಾತು ಯಾರ ಬಾಯಲ್ಲೋ ಆಗಲೇ ಅರ್ಧ ಹೊರಬಿದ್ದಿತ್ತಂತೆ. ಅಂದವಳಿಗೆ ತಾಜಿಹಾನ್, "ನೀನು ಬಂದ ವರ್ಷ ನಿಮ್ಮಾವನ ಎಮ್ಮೆ ಸತ್ತಿತ್ತಲ್ಲ, ನಾವೇನಾದ್ರೂ ಅಂದ್ವಾ?" ಎಂದು ಬಾಯಿ ಮುಚ್ಚಿಸಿದ್ದ ವಿಷಯ ಒಪಾಗೆ ಆಮೇಲೆ ಗೊತ್ತಾಯಿತು. ತಾಜಿಹಾನಳ ಬಗ್ಗೆ ನಾನು ಏನೇ ಹೇಳಿದ್ದರೂ ಇದನ್ನೂ ಹೇಳಲೇಬೇಕು.

ಆರನೇ ದಿನ ಮಧ್ಯಾಹ್ನ ಒಪಾ ಬಟ್ಟಲು ಇಟ್ಟು, ಜಿರಳೆ ಬಿಟ್ಟು, ಬಾಗಿಲೆಳೆದು ಬಂದು ಮೆಟ್ಟಿಲ ಮೇಲೆ ಕೂತಳು. ಕಿವಿಯನ್ನು ಬಾಗಿಲ ಹಲಗೆಗೆ ಆನಿಸಿದಳು. ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಮರಳ ಮೇಲೆ ಉಗುರು ಎಳೆದ ಸದ್ದು. ಮತ್ತೆ ಏನೂ ಇಲ್ಲ. ನಾಲ್ಕು ಹೆಜ್ಜೆ, ನಿಂತಿತು.

ಕರುಂ.

ಹಪ್ಪಳ ಮುರಿದ ಹಾಗೆ ಒಂದು ಸದ್ದು, ಅದರ ಹಿಂದೆ ಅಗಿಯುವ ಸದ್ದು. ನಲವತ್ತೊಂದು ವರ್ಷ ಮೇಯುವ ಸದ್ದು ಕೇಳಿದ ಕಿವಿ, ಅದು ತಪ್ಪುವಂತಿಲ್ಲ. ಇನ್ನೊಂದು ಕರುಂ. ಒಳಗೆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕದ್ದು ಕೇಳಿಸಿತು. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಚಮಚ ಬಟ್ಟಲಿಗೆ ತಗುಲಿತು. ಮತ್ತೆ ತಗುಲಿತು. ಮೂರು, ನಾಲ್ಕು, ಐದು. ಒಪಾ ಬಾಗಿಲು ತೆರೆಯಲಿಲ್ಲ. ತೆರೆಯಬೇಕು ಅನ್ನುವ ಆಸೆ ಎಷ್ಟಿತ್ತೆಂದರೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತಳು.

ಬೀದಿಬಾಗಿಲಲ್ಲಿ ಕೊಂಬೆಯ ಆಚೆ ತಾಜಿಹಾನ್ ಬಿಸಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹುಳುಮನೆಯ ದನಿಯಲ್ಲಿ ಕೂಗಿದಳು.

"ಹೋಸಿಯಾತ್, ಮೇಯ್ತಾ?"

ಒಪಾ ಒಂದು ಕೈ ಬಿಡಿಸಿಕೊಂಡು ಎರಡು ಬೆರಳು ತೋರಿಸಿದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಎರಡೇ ಜಿರಳೆನಾ? ಅಷ್ಟು ದೊಡ್ಡ ಮೈಗೆ ಎಲ್ಲಿ ಸಾಲತ್ತೆ ಕಣೇ?"

ಹೋಸಿಯಾತ್ ಒಪಾ ತಿದ್ದಲು ಹೋಗಲಿಲ್ಲ. ಒಳಗೆ ಚಮಚ ಬಟ್ಟಲಿನ ತಳ ಕೆರೆಯುತ್ತಿತ್ತು, ಅದು ಮುಗಿಯುವವರೆಗೂ ಅವಳಿಗೆ ಪುರುಸೊತ್ತಿರಲಿಲ್ಲ.